ಸೈತಾನನ ಸಿನಿಮಾ ನೋಡುವ ಬಗೆ: ಎಲ್ಲಿಂದ ಶುರು ಮಾಡಬೇಕು, ಏನನ್ನು ಗಮನಿಸಬೇಕು

ಹಾರರ್ ಸಿನಿಮಾಗಳ ಬಗ್ಗೆ ಬರೆಯುವ ನನಗೆ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. "'ದಿ ಎಕ್ಸಾರ್ಸಿಸ್ಟ್' ಅಷ್ಟು ಭಯಂಕರ ಅಂತಾರೆ, ನನಗೆ ಅರ್ಧ ಸಿನಿಮಾ ಆಸ್ಪತ್ರೆಯಲ್ಲೇ ಕಳೆದ ಹಾಗಾಯ್ತು, ಯಾಕೆ?" "'ರೋಸ್‌ಮೆರೀಸ್ ಬೇಬಿ'ಯಲ್ಲಿ ದೆವ್ವ ಎಲ್ಲಿದೆ?" "'ದಿ ವಿಚ್' ಮುಗಿದಾಗ ಏನಾಯ್ತು ಅಂತಲೇ ಗೊತ್ತಾಗಲಿಲ್ಲ." ಕೇಳುವವರು ಜಾಣ ನೋಡುಗರೇ. ತೊಡಕು ಇರುವುದು ಬೇರೆ ಕಡೆ. ಈ ಸಿನಿಮಾಗಳ ಭಯಕ್ಕೆ ಒಂದು ಕಾನೂನು ಇದೆ, ಆ ಕಾನೂನು ನಮ್ಮ ದೆವ್ವದ ಕಥೆಗಳದ್ದಲ್ಲ. ಅದನ್ನು ತಿಳಿದು ಕೂತರೆ ಅವೇ ಸಿನಿಮಾಗಳು ಬೇರೆಯೇ ಆಗಿ ಕಾಣುತ್ತವೆ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಮುಂದೆ ಕೆಲವು ಸಿನಿಮಾಗಳ ಕಥೆ, ಅಂತ್ಯದ ಸುಳಿವು ಬರುತ್ತದೆ. ಏನೂ ತಿಳಿಯದೆ ನೋಡಬೇಕು ಎನ್ನುವವರು 3, 4 ಮತ್ತು 6ನೇ ಹಂತಗಳನ್ನು ಸಿನಿಮಾ ನೋಡಿದ ಮೇಲೆ ಓದಿ.

ಬೇಕಾಗುವ ಸಾಮಾನು

ಕತ್ತಲೆ ಕೋಣೆ, ಒಳ್ಳೆಯ ಹೆಡ್‌ಫೋನ್, ಸಬ್‌ಟೈಟಲ್. ಈ ಜಾತಿಯ ಸಿನಿಮಾಗಳಲ್ಲಿ ಅರ್ಧ ಕೆಲಸವನ್ನು ಶಬ್ದವೇ ಮಾಡುತ್ತದೆ, ಹಾಗಾಗಿ ಮೊಬೈಲಿನ ಸ್ಪೀಕರ್ ಸಾಲದು.

ಇನ್ನೊಂದು ಸಾಮಾನನ್ನು ಯಾರೂ ಹೇಳುವುದಿಲ್ಲ. ಒಂದು ಕನ್ನಡ ಬೈಬಲ್ ಸಿಕ್ಕರೆ ನಾಲ್ಕು ಕಡೆ ಮಾತ್ರ ಓದಿಕೊಳ್ಳಿ, ಒಂದು ಸಂಜೆ ಸಾಕು. ಯೋಬನ ಪುಸ್ತಕದ ಮೊದಲ ಎರಡು ಅಧ್ಯಾಯಗಳಲ್ಲಿ ಸೈತಾನನು ದೇವರ ಅನುಮತಿ ಪಡೆದೇ ಒಬ್ಬ ಒಳ್ಳೆಯ ಮನುಷ್ಯನನ್ನು ಪರೀಕ್ಷೆಗೆ ಒಡ್ಡುತ್ತಾನೆ. ಮತ್ತಾಯ 4ರಲ್ಲಿ ಯೇಸುವಿಗೆ ಲೋಕದ ರಾಜ್ಯಗಳನ್ನೆಲ್ಲ ತೋರಿಸಿ, ನನಗೆ ಅಡ್ಡಬಿದ್ದರೆ ಇದೆಲ್ಲ ನಿನ್ನದು ಎನ್ನುತ್ತಾನೆ. ಮಾರ್ಕ 5ರಲ್ಲಿ ಒಬ್ಬ ಮನುಷ್ಯನ ಮೈಯಲ್ಲಿ ಹೊಕ್ಕ ದೆವ್ವಗಳ ದಂಡು, ಯೇಸು ಬಿಡಿಸಿದಾಗ ಸುಮಾರು 2000 ಹಂದಿಗಳೊಳಗೆ ಸೇರಿ ಕೆರೆಗೆ ಬೀಳುತ್ತದೆ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 12 ಮತ್ತು 13ರಲ್ಲಿ ಕೆಂಪು ಘಟಸರ್ಪ, ಮೃಗ, 666 ಎಂಬ ಸಂಖ್ಯೆ ಬರುತ್ತವೆ. ಪರೀಕ್ಷೆ, ಆಮಿಷ, ಮೈಮೇಲೆ ಬರುವುದು, ಲೋಕಾಂತ್ಯ. ಪಶ್ಚಿಮದ ಬಹುಪಾಲು ಸೈತಾನನ ಸಿನಿಮಾಗಳ ಬೇರು ಈ ನಾಲ್ಕರಲ್ಲಿ ಎಲ್ಲೋ ಒಂದು ಕಡೆ ಸಿಗುತ್ತದೆ.

1. ನಮ್ಮ ದೆವ್ವವನ್ನು ಪಕ್ಕಕ್ಕಿಡಿ

ನಮ್ಮ ಕಥೆಗಳಲ್ಲಿ ದೆವ್ವಕ್ಕೊಂದು ಕಾರಣ ಇರುತ್ತದೆ. ಅನ್ಯಾಯವಾಗಿ ಸತ್ತವರು, ಆಸೆ ತೀರದೆ ಹೋದವರು, ಸಂಸ್ಕಾರ ಸಿಗದವರು ಯಾರನ್ನೋ ಮೆಟ್ಟಿಕೊಂಡು ತಮಗೆ ಸಲ್ಲಬೇಕಾದ್ದನ್ನು ಕೇಳುತ್ತಾರೆ. ಅದು ಸಂದರೆ ಬಿಟ್ಟು ಹೋಗುತ್ತಾರೆ. 1980ರ ಹಿಂದಿ ಸಿನಿಮಾ 'ಗೆಹರಾಯಿ'ಯನ್ನೇ ನೋಡಿ. ಕಥೆ ನಡೆಯುವುದು ಬೆಂಗಳೂರಿನ ಒಂದು ಮನೆಯಲ್ಲಿ, ಅನಂತ್ ನಾಗ್ ಕೂಡ ನಟಿಸಿದ್ದಾರೆ. ಹಳ್ಳಿಯ ಜಮೀನು ಮಾರಿದ ಮನೆಯವರ ಹುಡುಗಿಯ ಮೈಮೇಲೆ ಏನೋ ಬರುತ್ತದೆ, ಬಂದದ್ದು ಅಪ್ಪನ ಹಳೆಯ ತಪ್ಪನ್ನು ಹೊರಗೆಳೆಯುತ್ತದೆ. ಹಾಸಿಗೆ ಮೇಲಿನ ಹುಡುಗಿ, ಬದಲಾದ ದನಿ, ಡಾಕ್ಟರುಗಳ ಸಾಲು ಎಲ್ಲ 'ಎಕ್ಸಾರ್ಸಿಸ್ಟ್' ಅನ್ನು ನೆನಪಿಸುತ್ತವೆ, ಆದರೆ ಒಳಗಿನ ಲೆಕ್ಕ ಪೂರ್ತಿ ನಮ್ಮದು.

ಸೈತಾನನಿಗೆ ಇಂಥ ಬಾಕಿ ಇಲ್ಲ. ಅವನು ಹೊಕ್ಕ ಹುಡುಗಿ ಅವನಿಗೆ ಏನೂ ಮಾಡಿಲ್ಲ, ಅವನಿಗೆ ಸಲ್ಲಿಸಿ ಸಮಾಧಾನ ಮಾಡುವಂಥದ್ದು ಏನೂ ಇಲ್ಲ. ಆದ್ದರಿಂದ "ಇವನು ಯಾಕೆ ಬಂದ?" ಎಂದು ಹುಡುಕುತ್ತ ಕೂತರೆ ಸಿನಿಮಾ ಕೈ ತಪ್ಪುತ್ತದೆ. "ಇವನಿಗೆ ಯಾರಿಂದ ಏನು ಬೇಕು?" ಎಂದು ಕೇಳಿಕೊಳ್ಳಿ. ಮುಂದಿನ ಎಲ್ಲ ಹಂತಗಳಿಗೂ ಇದೇ ಪ್ರಶ್ನೆ ಸಾಕು.

ತಿರುಗುಮುರುಗಾದ ತಪ್ಪೂ ಇದೆ, ಅದು ಹೆಚ್ಚು ನೋವಿನದು. ತುಳುನಾಡಿನ ಭೂತಾರಾಧನೆಯನ್ನು ವಸಾಹತು ಕಾಲದ ಬರಹಗಾರರು ಸೈತಾನನ ಪೂಜೆ ಎಂದೇ ಬರೆದರು. ಬ್ರಿಟಿಷ್ ಅಧಿಕಾರಿ ಎ. ಸಿ. ಬರ್ನೆಲ್ ಸಂಗ್ರಹಿಸಿದ್ದ ಪಾಡ್ದನಗಳು, ಅಂದರೆ ದೈವಗಳ ಕಥೆ ಹೇಳುವ ಹಾಡುಗಳು, 1894ರಿಂದ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚಾದದ್ದು 'ದಿ ಡೆವಿಲ್ ವರ್ಶಿಪ್ ಆಫ್ ದಿ ತುಳುವಾಸ್' ಎಂಬ ಹೆಸರಿನಲ್ಲಿ. ದೈವ ಮೈಮೇಲೆ ಬಂದು ನ್ಯಾಯ ಹೇಳುತ್ತದೆ, ಊರಿಗೆ ಅಭಯ ಕೊಡುತ್ತದೆ. ಅದಕ್ಕೂ ಈ ಸಿನಿಮಾಗಳ ಡೆವಿಲ್‌ಗೂ ಸಂಬಂಧವಿಲ್ಲ. ಕೋಲದ ದೃಶ್ಯವಿರುವ ಸಿನಿಮಾವನ್ನು ಡೆವಿಲ್ ಸಿನಿಮಾಗಳ ಪಟ್ಟಿಯಲ್ಲಿ ಯಾರಾದರೂ ಸೇರಿಸಿದ್ದರೆ ಆ ಪಟ್ಟಿಯನ್ನು ನಂಬಬೇಡಿ.

2. ಮುಖ ಎಲ್ಲಿಂದ ಬಂತು ನೋಡಿಕೊಳ್ಳಿ

ಕೊಂಬು, ಗೊರಸು, ಆಡಿನ ಗಡ್ಡ. ಇದು ಬೈಬಲಿನ ವರ್ಣನೆ ಎಂದು ಹಲವರು ತಿಳಿದಿದ್ದಾರೆ, ಆದರೆ ಅಲ್ಲಿ ಸೈತಾನನನ್ನು ಆಡಿನ ರೂಪದಲ್ಲಿ ಎಲ್ಲೂ ವರ್ಣಿಸಿಲ್ಲ. ಈ ರೂಪ ಚಿತ್ರಕಾರರು ಶತಮಾನಗಳ ಕಾಲ ಸ್ವಲ್ಪ ಸ್ವಲ್ಪವಾಗಿ ಕಟ್ಟಿದ್ದು. ಇಟಲಿಯ ರವೆನ್ನಾದಲ್ಲಿ 6ನೇ ಶತಮಾನದ ಒಂದು ಮೊಸಾಯಿಕ್ ಇದೆ. ಕ್ರಿಸ್ತನ ಒಂದು ಪಕ್ಕ ಕುರಿಗಳು, ಇನ್ನೊಂದು ಪಕ್ಕ ಆಡುಗಳು, ಆಡುಗಳ ಹಿಂದೆ ಸುಂದರನಾದ ನೀಲಿ ದೂತ. ಸೈತಾನನ ಅತ್ಯಂತ ಹಳೆಯ ಚಿತ್ರ ಅದೇ ಇರಬಹುದು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಅಲ್ಲಿಂದ 14ನೇ ಶತಮಾನದ ಆರಂಭಕ್ಕೆ ಬಂದರೆ, ಇಟಲಿಯದೇ ಪಾದುವಾ ಊರಿನ ಪ್ರಾರ್ಥನಾಮಂದಿರದ ಗೋಡೆಯ ಮೇಲೆ ಚಿತ್ರಕಾರ ಜೊತ್ತೊ ಬಿಡಿಸಿದ ಸೈತಾನ ಪಾಪಿಗಳನ್ನು ಜಗಿಯುತ್ತಿದ್ದಾನೆ. ಅದೇ ಕಾಲದ ಇಟಲಿಯ ಕವಿ ದಾಂತೆಯ ಕಾವ್ಯದಲ್ಲಿ ಅವನು ನರಕದ ತಳದಲ್ಲಿ ಎದೆಮಟ್ಟ ಹಿಮದಲ್ಲಿ ಹೂತು ಕೂತಿದ್ದಾನೆ. ನರಕವೆಂದರೆ ಬೆಂಕಿ ಎಂದುಕೊಂಡವರು ಈ ಹಿಮವನ್ನು ನೆನಪಿಟ್ಟುಕೊಳ್ಳಿ, 'ಎಕ್ಸಾರ್ಸಿಸ್ಟ್'ನಲ್ಲಿ ಬೇಕಾಗುತ್ತದೆ.

ಸಿನಿಮಾ ಹುಟ್ಟಿದ ಕೂಡಲೇ ಸೈತಾನನೂ ಬಂದ. ಫ್ರಾನ್ಸಿನ ಜಾರ್ಜ್ ಮೆಲಿಯೆಸ್ 1896ರಲ್ಲೇ ಮೂರು ನಿಮಿಷದ ಒಂದು ಚಿತ್ರ ಮಾಡಿದ. ಬಾವಲಿ ಮನುಷ್ಯನಾಗುತ್ತದೆ, ಕೊನೆಗೆ ಶಿಲುಬೆ ಕಂಡು ಮಾಯವಾಗುತ್ತದೆ. 1922ರ 'ಹ್ಯಾಕ್ಸನ್' ಮೂಕಿ ಚಿತ್ರದಲ್ಲಿ ನಿರ್ದೇಶಕ ಬೆಂಜಮಿನ್ ಕ್ರಿಸ್ಟೆನ್‌ಸನ್ ತಾನೇ ಸೈತಾನನಾಗಿ ನಾಲಿಗೆ ಹೊರಳಿಸುತ್ತಾನೆ.

ಇಲ್ಲೊಂದು ಎಡವಟ್ಟಾಗುತ್ತದೆ. 'ಹ್ಯಾಕ್ಸನ್'ಗೆ 1968ರಲ್ಲಿ ಇಂಗ್ಲಿಷ್ ನಿರೂಪಣೆ, ಜಾಝ್ ಸಂಗೀತ ಸೇರಿಸಿ ಮೊಟಕು ಮಾಡಿದ ಆವೃತ್ತಿ ಕೂಡ ಓಡಾಡುತ್ತಿದೆ. ಮೊದಲ ಸಲ ನೋಡುವವರು ಮೂಲದ ಉದ್ದದ ಮೂಕಿಯನ್ನೇ ಹುಡುಕಿ.

ಮುಖ ತೋರಿಸಬೇಕೇ ಬೇಡವೇ ಎಂಬ ಜಗಳ ಈ ಸಿನಿಮಾಗಳಲ್ಲಿ ಇವತ್ತಿಗೂ ಮುಗಿದಿಲ್ಲ. 1957ರ 'ನೈಟ್ ಆಫ್ ದಿ ಡೀಮನ್'ನಲ್ಲಿ ರಾಕ್ಷಸನನ್ನು ಅಷ್ಟು ಸ್ಪಷ್ಟವಾಗಿ ತೋರಿಸುವುದು ನಿರ್ದೇಶಕ ಜಾಕ್ ಟೂರ್ನರ್‌ಗೆ ಬೇಕಿರಲಿಲ್ಲ, ನಿರ್ಮಾಪಕರ ಹಟ ಗೆದ್ದಿತು. ನನ್ನ ಪ್ರಕಾರ ಟೂರ್ನರ್ ಸರಿ. ಆ ಸಿನಿಮಾದಲ್ಲಿ ನಿಜವಾಗಿ ಹೆದರಿಸುವುದು ಕೈಯಿಂದ ಕೈಗೆ ದಾಟುವ ಒಂದು ಚೀಟಿ.

3. ಮೊದಲ ಸಿನಿಮಾ 'ರೋಸ್‌ಮೆರೀಸ್ ಬೇಬಿ' ಆಗಿರಲಿ

ಸೈತಾನನೊಂದಿಗೆ ಕರಾರು ಎಂಬ ಕಥೆ ಯುರೋಪಿನಲ್ಲಿ ಹಳೆಯದು. 1587ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಅಚ್ಚಾದ ಫೌಸ್ಟ್ ಕಥೆಯ ಪುಸ್ತಕದಿಂದ ಅದು ಮನೆಮಾತಾಯಿತು. ಜ್ಞಾನ, ಸುಖ, ಅಧಿಕಾರಕ್ಕೆ ಬದಲಾಗಿ ಆತ್ಮ. ಇದರ ಮುಖ್ಯ ನಿಯಮ ಏನೆಂದರೆ ಸೈತಾನ ಬಲವಂತ ಮಾಡುವ ಹಾಗಿಲ್ಲ, ಮನುಷ್ಯನೇ ಒಪ್ಪಬೇಕು. ಮುರ್ನೌ ನಿರ್ದೇಶಿಸಿದ 1926ರ 'ಫೌಸ್ಟ್'ನಲ್ಲಿ ಊರಿನ ಮೇಲೆ ಕಪ್ಪು ನಿಲುವಂಗಿ ಹರಡಿ ನಿಂತ ಮೆಫಿಸ್ಟೊ ಎಂಬ ಸೈತಾನನ ಚಿತ್ರಿಕೆಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಈಗ 1968ರ 'ರೋಸ್‌ಮೆರೀಸ್ ಬೇಬಿ'ಗೆ ಬನ್ನಿ. ಐರಾ ಲೆವಿನ್ ಕಾದಂಬರಿಯನ್ನು ಆಧರಿಸಿ ರೋಮನ್ ಪೊಲಾನ್ಸ್ಕಿ ಮಾಡಿದ ಸಿನಿಮಾ. ನ್ಯೂಯಾರ್ಕಿನ ಹಳೆಯ ಅಪಾರ್ಟ್‌ಮೆಂಟು, ಹೊಸ ದಂಪತಿ, ಅತಿ ಅಕ್ಕರೆಯ ಪಕ್ಕದ ಮನೆಯ ಮುದುಕ ಮುದುಕಿ. ಗಂಡ ಅವಕಾಶ ಸಿಗದ ನಟ. ಇದ್ದಕ್ಕಿದ್ದಂತೆ ಅವನ ಎದುರಾಳಿ ನಟ ಕುರುಡನಾಗುತ್ತಾನೆ, ಪಾತ್ರ ಇವನಿಗೆ ಬರುತ್ತದೆ, ಹೆಂಡತಿ ಬಸುರಾಗುತ್ತಾಳೆ. ಪಕ್ಕದ ಮನೆಯವರು ಸೈತಾನನ ಆರಾಧಕರು, ಅವರ ಕರಾರಿಗೆ ಒಪ್ಪಿದವನು ಗಂಡ, ಬೆಲೆ ತೆತ್ತದ್ದು ಹೆಂಡತಿಯ ಮೈ. ಫೌಸ್ಟ್ ಕಥೆಯ ನಿಯಮವನ್ನು ಸಿನಿಮಾ ಮುರಿಯುವುದು ಇಲ್ಲೇ, ಸಹಿ ಒಬ್ಬನದು, ಸಾಲ ಇನ್ನೊಬ್ಬಳದು. ಹಾಗಾಗಿ "ದೆವ್ವ ಎಲ್ಲಿದೆ?" ಎಂದು ಕೇಳುವವರಿಗೆ ನನ್ನ ಉತ್ತರ, ಗಂಡನ ಮುಖ ನೋಡುತ್ತಿರಿ. ಅವಳು ಕಷ್ಟಪಟ್ಟು ಓಡಿಹೋಗಿ ಬೇರೆ ಡಾಕ್ಟರಿಗೆ ಎಲ್ಲ ಹೇಳಿಕೊಂಡಾಗ ಆ ಡಾಕ್ಟರು ಏನು ಮಾಡುತ್ತಾರೆ ನೋಡಿ. ಅವಳ ಮಾತನ್ನು ಯಾರೂ ನಂಬುವುದಿಲ್ಲ. ಭಯ ಇರುವುದು ಅಲ್ಲಿ.

ಗಮನಿಸಲು ಒಂದು ಸಣ್ಣ ವಿಷಯ. ಡಾಕ್ಟರ ಕೋಣೆಯ ಹೊರಗೆ ಕಾಯುವಾಗ ಅವಳ ಕೈಗೆ ಸಿಗುವುದು 'ಟೈಮ್' ಪತ್ರಿಕೆಯ 1966ರ ಏಪ್ರಿಲ್ ಸಂಚಿಕೆ, ದೇವರು ಸತ್ತನೇ ಎಂದು ಮುಖಪುಟದಲ್ಲೇ ಕೇಳಿದ ನಿಜವಾದ ಸಂಚಿಕೆ. ಅಮೆರಿಕದ ಆ ಹೊತ್ತಿನ ತಳಮಳವೇ ಅದು. ಧರ್ಮಗುರುಗಳನ್ನು ಖಳರಾಗಿ ತೋರಿಸಬಾರದು ಎಂದು ಹಾಲಿವುಡ್ಡಿನ ಕೈ ಕಟ್ಟಿದ್ದ ಹಳೆಯ ಪ್ರೊಡಕ್ಷನ್ ಕೋಡ್ ಕೂಡ 1968ರಲ್ಲೇ ಕೊನೆಯಾಗಿ, ವಯಸ್ಸಿನ ಮೇಲೆ ಸಿನಿಮಾಗಳಿಗೆ ದರ್ಜೆ ಕೊಡುವ ಪದ್ಧತಿ ಬಂತು. ಮುಂದಿನ ಎಂಟು ವರ್ಷಗಳಲ್ಲಿ ದೊಡ್ಡ ಸೈತಾನನ ಸಿನಿಮಾಗಳು ಒಂದರ ಹಿಂದೆ ಒಂದು ಬರಲು ಈ ಎರಡೂ ಕಾರಣ.

ಸಾಮಾನ್ಯ ತಪ್ಪು: ಕೊನೆಯಲ್ಲಿ ಕೂಸಿನ ಮುಖ ನೋಡಿದೆ ಎಂದು ಹಲವರು ಹೇಳುತ್ತಾರೆ. ತೊಟ್ಟಿಲಿನ ಒಳಗನ್ನು ಸಿನಿಮಾ ತೋರಿಸುವುದೇ ಇಲ್ಲ. ನೀವು ಕಂಡದ್ದು ಅವಳ ಮುಖವನ್ನು.

4. 'ದಿ ಎಕ್ಸಾರ್ಸಿಸ್ಟ್' ಅನ್ನು ಹುಡುಗಿಯ ಕಥೆ ಎಂದು ನೋಡಬೇಡಿ

ಈ ಹಂತಕ್ಕೆ ಹೆಚ್ಚು ಹೊತ್ತು ಕೊಡಿ. ಎಕ್ಸಾರ್ಸಿಸಂ ಎಂದರೆ ದೆವ್ವ ಬಿಡಿಸುವ ವಿಧಿ. ಕ್ಯಾಥೊಲಿಕ್ ಚರ್ಚಿನಲ್ಲಿ ಇದಕ್ಕೆ 1614ರ ರೋಮನ್ ವಿಧಿಗ್ರಂಥದಲ್ಲಿ ಕ್ರಮ ಬರೆದಿಟ್ಟಿದೆ, 1999ರಲ್ಲಿ ಅದನ್ನು ಪರಿಷ್ಕರಿಸಿದರು. ಯಾವ ಪಾದ್ರಿಯೂ ತಾನೇ ತಾನಾಗಿ ಇದನ್ನು ಮಾಡುವಂತಿಲ್ಲ, ಬಿಷಪ್ಪರ ಅನುಮತಿ ಬೇಕು. ಮೈಮೇಲೆ ದೆವ್ವ ಬಂದ ಒಬ್ಬ ಹುಡುಗಿಗಾಗಿ ಇಬ್ಬರು ಪಾದ್ರಿಗಳು ನಡೆಸುವ ಈ ವಿಧಿಯೇ ಸಿನಿಮಾದ ಕಥೆ. ಅದಕ್ಕೂ ಮುಂಚೆ ಡಾಕ್ಟರುಗಳು, ಪರೀಕ್ಷೆಗಳು, ಮನೋವೈದ್ಯರು ಎಂದು ಅಷ್ಟು ಹೊತ್ತು ಹಿಡಿಯುವುದು ಸುಮ್ಮನೆ ಅಲ್ಲ. ಹುಡುಗಿಯ ತಾಯಿ ದೇವರನ್ನು ನಂಬದವಳು, ಅವಳು ಹೋಗಬಹುದಾದ ಬಾಗಿಲುಗಳೆಲ್ಲ ಒಂದೊಂದಾಗಿ ಮುಚ್ಚಬೇಕು. ರಕ್ತನಾಳದ ಪರೀಕ್ಷೆಯ ದೃಶ್ಯ ಮಂತ್ರ ತಂತ್ರದ ಎಲ್ಲ ದೃಶ್ಯಗಳಿಗಿಂತ ಹೆಚ್ಚು ಹಿಂಸೆ ಕೊಡುತ್ತದೆ. ನಿರ್ದೇಶಕ ವಿಲಿಯಂ ಫ್ರೀಡ್ಕಿನ್‌ಗೆ ಬೇಕಾದದ್ದೂ ಅದೇ.

ಈಗ ನಮ್ಮ ಪ್ರಶ್ನೆ ಕೇಳಿ, ಇವನಿಗೆ ಯಾರಿಂದ ಏನು ಬೇಕು? ಹುಡುಗಿಯಿಂದ ಏನೂ ಬೇಡ. ಅವಳ ಸುತ್ತ ನಿಂತವರ ನಂಬಿಕೆ ಬೇಕು, ಅದರಲ್ಲೂ ಫಾದರ್ ಕ್ಯಾರಸ್‌ನದು. ಅವನು ಪಾದ್ರಿಯೂ ಹೌದು, ಮನೋವೈದ್ಯನೂ ಹೌದು. ತನ್ನ ತಾಯಿ ಒಂಟಿಯಾಗಿ ಸತ್ತ ಕೊರಗು ಅವನನ್ನು ತಿನ್ನುತ್ತಿದೆ, ನಂಬಿಕೆ ಸಡಿಲಾಗಿದೆ. ಹಾಸಿಗೆಯ ಮೇಲಿನದ್ದು ಅವನ ತಾಯಿಯ ದನಿಯಲ್ಲೇ ಮಾತಾಡುತ್ತದೆ. ಅವನನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲಿನಿಂದ ನೋಡಿ, ಅಂತ್ಯ ಬೇರೆಯೇ ಆಗಿ ಬಡಿಯುತ್ತದೆ.

ಮೊದಲ ಹತ್ತು ನಿಮಿಷ ಇರಾಕಿನಲ್ಲಿ ನಡೆಯುತ್ತದೆ. ಅದನ್ನು ಓಡಿಸಿಬಿಡುವವರು ಬಹಳ. ದಯವಿಟ್ಟು ಓಡಿಸಬೇಡಿ. ಮುದಿ ಪಾದ್ರಿ ಮೆರಿನ್ ಉತ್ಖನನದಲ್ಲಿ ಒಂದು ಪುಟ್ಟ ತಲೆಯನ್ನು ಎತ್ತಿಕೊಳ್ಳುತ್ತಾನೆ, ಅದು ಪಜುಜು. ಪ್ರಾಚೀನ ಮೆಸೊಪೊಟೇಮಿಯಾದಲ್ಲಿ ಪಜುಜು ಗಾಳಿಯ ದುಷ್ಟಶಕ್ತಿ, ಆದರೆ ಬಸುರಿ ಬಾಣಂತಿಯರನ್ನು, ಕೂಸುಗಳನ್ನು ಕಾಡುವ ಲಮಷ್ಟು ಎಂಬುದನ್ನು ಓಡಿಸಲು ಅವನ ತಲೆಯನ್ನೇ ತಾಯಿತದಂತೆ ಕಟ್ಟಿಕೊಳ್ಳುತ್ತಿದ್ದರು. ಕೆಟ್ಟದ್ದರ ವಿರುದ್ಧ ಕೆಟ್ಟದ್ದು ಎಂಬ ಮಾತು ಸಿನಿಮಾದಲ್ಲೇ ಬರುತ್ತದೆ. ಕಾವಲಿಗೆ ಇದ್ದ ಒಂದು ಶಕ್ತಿಯನ್ನು ಹಾಲಿವುಡ್ ಕ್ರೈಸ್ತ ಸೈತಾನನ ಸಾಲಿಗೆ ಎಳೆದು ತಂದಿತು. ಬರ್ನೆಲ್‌ನ ಶೀರ್ಷಿಕೆ ನೆನಪಿದ್ದರೆ ಈ ಅನ್ಯಾಯ ನಮಗೆ ಬೇಗ ತಿಳಿಯುತ್ತದೆ.

ಕಿವಿಯನ್ನೂ ಕೆಲಸಕ್ಕೆ ಹಚ್ಚಿ. ದೆವ್ವದ ದನಿ ಮರ್ಸಿಡಿಸ್ ಮೆಕ್‌ಕ್ಯಾಂಬ್ರಿಜ್ ಎಂಬ ನಟಿಯದು. ಸಿನಿಮಾ ಬಿಡುಗಡೆಯಾದಾಗ ಅವರ ಹೆಸರೇ ತೆರೆಯ ಮೇಲೆ ಇರಲಿಲ್ಲ, ಹೋರಾಡಿ ಹಾಕಿಸಿಕೊಂಡರು. ಮಲಗುವ ಕೋಣೆಯ ಸೆಟ್ಟನ್ನು ದೊಡ್ಡ ಶೀತಯಂತ್ರಗಳಿಂದ ಕೊರೆಯುವಷ್ಟು ತಣ್ಣಗೆ ಮಾಡಿದ್ದರು, ನಟರ ಬಾಯಿಂದ ಬರುವ ಉಸಿರಿನ ಆವಿ ನಿಜವಾದದ್ದು. ದಾಂತೆಯ ಹಿಮ ಇಲ್ಲಿ ನೆನಪಾಗಬೇಕು. ಮೆರಿನ್ ಪಾತ್ರದ ಮ್ಯಾಕ್ಸ್ ವಾನ್ ಸಿಡೋಗೆ ಆಗ ವಯಸ್ಸು ಸುಮಾರು 44, ಮುದುಕನನ್ನಾಗಿಸಿದ್ದು ಡಿಕ್ ಸ್ಮಿತ್ ಅವರ ಮೇಕಪ್ಪು.

ಯಾವ ಆವೃತ್ತಿ? 1973ರದ್ದು 122 ನಿಮಿಷ, 2000ದಲ್ಲಿ ಬಂದದ್ದು 132 ನಿಮಿಷ. ಎರಡನೆಯದರಲ್ಲಿ ಮೆಟ್ಟಿಲ ಮೇಲೆ ಜೇಡದಂತೆ ಇಳಿಯುವ ದೃಶ್ಯ, ಅಲ್ಲಲ್ಲಿ ಮಿಂಚುವ ಮುಖಗಳು ಸೇರಿವೆ. ಅವು ಇಲ್ಲದಿದ್ದರೇ ಚೆನ್ನ ಅನ್ನಿಸುತ್ತದೆ ನನಗೆ. ಆದರೆ ಅದರಲ್ಲೇ ಒಂದು ಅಮೂಲ್ಯ ಮಾತುಕತೆಯೂ ಇದೆ. ಈ ಹುಡುಗಿಗೇ ಯಾಕೆ ಎಂದು ಕ್ಯಾರಸ್ ಕೇಳುತ್ತಾನೆ. ನಾವು ಹತಾಶರಾಗಲಿ ಎಂದು, ನಮ್ಮನ್ನು ನಾವೇ ಮೃಗಗಳೆಂದು ಕಂಡು ದೇವರು ನಮ್ಮನ್ನು ಪ್ರೀತಿಸಲಾರ ಎಂದುಕೊಳ್ಳಲಿ ಎಂದು, ಅನ್ನುವ ಅರ್ಥದಲ್ಲಿ ಮೆರಿನ್ ಉತ್ತರಿಸುತ್ತಾನೆ. ಮೊದಲು 1973ರದ್ದನ್ನು ನೋಡಿ, ಈ ಮಾತಿಗಾಗಿ ಇನ್ನೊಂದನ್ನು ನೋಡಿ.

ಎಚ್ಚರಿಕೆ: ಶಿಲುಬೆಯ ದೃಶ್ಯವೂ ಬೈಗುಳವೂ ಅತಿ ಒರಟು. ಮನೆಯಲ್ಲಿ ಮಕ್ಕಳಿದ್ದರೆ ಅವರು ಮಲಗಿದ ಮೇಲೆ ಹಾಕಿ.

5. 'ದಿ ಓಮನ್' ನೋಡಿ ಬೈಬಲ್ ಕಲಿತೆ ಅಂದುಕೊಳ್ಳಬೇಡಿ

1976ರ ಈ ಸಿನಿಮಾ ಪ್ರಕಟನೆಯ ಸಾಲಿಗೆ ಸೇರಿದ್ದು. ರಾಯಭಾರಿಯ ಮನೆಯಲ್ಲಿ ಬೆಳೆಯುವ ಮಗು ಆಂಟಿಕ್ರೈಸ್ಟ್, ಅಂದರೆ ಲೋಕಾಂತ್ಯಕ್ಕೆ ಮುಂಚೆ ಬರುವ ಕ್ರಿಸ್ತವಿರೋಧಿ. ಬಿಗಿಯಾದ ಸಿನಿಮಾ, ಜೆರ್ರಿ ಗೋಲ್ಡ್‌ಸ್ಮಿತ್ ಸಂಗೀತಕ್ಕೆ ಆಸ್ಕರ್ ಬಂತು. ಆದರೆ ಅದರಲ್ಲಿ ಪಾದ್ರಿ ಹೇಳುವ ಪದ್ಯರೂಪದ ಭವಿಷ್ಯವಾಣಿ ಬೈಬಲಿನಲ್ಲಿ ಇಲ್ಲ, ಸಿನಿಮಾಕ್ಕಾಗಿ ಬರೆದದ್ದು. ಕ್ರಿಸ್ತವಿರೋಧಿ ಎಂಬ ಹೆಸರು ಪ್ರಕಟನೆಯಲ್ಲೂ ಇಲ್ಲ, ಅದು ಬರುವುದು ಯೋಹಾನನ ಪತ್ರಗಳಲ್ಲಿ. 666 ಪ್ರಕಟನೆ 13ರಲ್ಲಿ ನಿಜವಾಗಿಯೂ ಇದೆ, ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಮಾತ್ರ 616 ಎಂದಿದೆ.

6. 'ದಿ ವಿಚ್'ಗೆ ಮುಂಚೆ ಎರಡು ಮಾತು ತಿಳಿದುಕೊಳ್ಳಿ

ರಾಬರ್ಟ್ ಎಗರ್ಸ್ ಅವರ 2015ರ ಈ ಸಿನಿಮಾದ ಕಾಲ 1630ರ ದಶಕ, ಜಾಗ ಅಮೆರಿಕದ ನ್ಯೂ ಇಂಗ್ಲೆಂಡ್. ಅಲ್ಲಿ ನೆಲೆಸಿದ ಪ್ಯೂರಿಟನ್ನರು ಕಟ್ಟುನಿಟ್ಟಿನ ಪ್ರೊಟೆಸ್ಟಂಟರು. ಯಾರಿಗೆ ಮೋಕ್ಷ, ಯಾರಿಗೆ ನರಕ ಎಂದು ದೇವರು ಮೊದಲೇ ನಿಶ್ಚಯಿಸಿದ್ದಾನೆ, ನಿನ್ನ ಹೆಸರು ಯಾವ ಪಟ್ಟಿಯಲ್ಲಿದೆ ಎಂದು ಖಚಿತವಾಗಿ ತಿಳಿಯುವ ದಾರಿ ಇಲ್ಲ ಎಂಬುದು ಅವರ ನಂಬಿಕೆ. ಇದು ಮೊದಲ ಮಾತು. ಸಿನಿಮಾದಲ್ಲಿ ಅಂಥ ಒಂದು ಮನೆಯ ಕೂಸು ಕಾಣೆಯಾದ ಮೇಲೆ ಅಣ್ಣ ಹುಡುಗ ಅಪ್ಪನನ್ನು ಕೇಳುತ್ತಾನೆ, ತಮ್ಮ ನರಕಕ್ಕೆ ಹೋದನೇ ಎಂದು. ಅಪ್ಪನಿಗೆ ಇಲ್ಲ ಎನ್ನಲು ಆಗುವುದಿಲ್ಲ. ಈ ಸಿನಿಮಾದ ಅತಿ ಭಯದ ದೃಶ್ಯ ಯಾವುದು ಎಂದರೆ ನಾನು ಇದನ್ನೇ ಹೇಳುತ್ತೇನೆ, ಅದರಲ್ಲಿ ಮಾಟಗಾತಿಯೂ ಇಲ್ಲ, ಸೈತಾನನೂ ಇಲ್ಲ.

ಎರಡನೆಯದು ಸೈತಾನನ ಪುಸ್ತಕ. 1692ರಲ್ಲಿ ನ್ಯೂ ಇಂಗ್ಲೆಂಡಿನ ಸೇಲಂ ಊರಿನಲ್ಲಿ ನಡೆದ ಮಾಟಗಾತಿಯರ ವಿಚಾರಣೆಗಳಲ್ಲಿ, ಆರೋಪಿಗಳು ಸೈತಾನನ ಪುಸ್ತಕದಲ್ಲಿ ಸಹಿ ಮಾಡಿದ್ದಾರೆ ಎಂಬ ಸಾಕ್ಷಿ ಮತ್ತೆ ಮತ್ತೆ ಬರುತ್ತದೆ. ಬೈಬಲಿನಲ್ಲಿ ಇಲ್ಲದ ಈ ಪುಸ್ತಕ ಬಂದದ್ದು ನ್ಯಾಯಾಲಯದ ಕಡತಗಳಿಂದ. ಕೊನೆಯಲ್ಲಿ ಕಪ್ಪು ಹೋತದ ರೂಪದ ಸೈತಾನ, ಬ್ಲ್ಯಾಕ್ ಫಿಲಿಪ್, ಆ ಮನೆಯ ಹುಡುಗಿಯ ಮುಂದೆ ಇಡುವ ಆಮಿಷವನ್ನು ಕಿವಿಗೊಟ್ಟು ಕೇಳಿ. ಬೆಣ್ಣೆಯ ರುಚಿ, ಚೆಂದದ ಒಂದು ಉಡುಪು, ಲೋಕ ನೋಡುವ ಅವಕಾಶ. ಯೇಸುವಿಗೆ ರಾಜ್ಯಗಳನ್ನು ತೋರಿಸಿದವನು ಈ ಹುಡುಗಿಗೆ ಬೆಣ್ಣೆ ತೋರಿಸುತ್ತಾನೆ, ಅದೇ ಸಾಕಾಗುತ್ತದೆ. ಅವಳ ಬದುಕಿನಲ್ಲಿ ಅಷ್ಟೂ ಇರಲಿಲ್ಲ.

ಮಾತು ಹಳೆಯ ಇಂಗ್ಲಿಷ್, ಆ ಕಾಲದ ದಾಖಲೆಗಳಿಂದ ಎತ್ತಿದ್ದು ಬಹಳ ಇದೆ. ಸಬ್‌ಟೈಟಲ್ ಇಲ್ಲದೆ ನೋಡಲು ಹೋಗಬೇಡಿ.

7. ಹೆಸರು ಕಂಡರೆ ಮೂಲ ಹುಡುಕಿ

ಈಚಿನ ಸಿನಿಮಾಗಳು 17ನೇ ಶತಮಾನದ ಒಂದು ಗ್ರಿಮ್ವಾರ್‌ನಿಂದ ಹೆಸರು ತೆಗೆದುಕೊಳ್ಳುತ್ತವೆ. ಗ್ರಿಮ್ವಾರ್ ಎಂದರೆ ಮಾಟಮಂತ್ರದ ಕೈಪಿಡಿ. 'ಲೆಸರ್ ಕೀ ಆಫ್ ಸೊಲೊಮನ್' ಎಂಬ ಆ ಗ್ರಂಥದಲ್ಲಿ 72 ದುಷ್ಟಶಕ್ತಿಗಳ ಪಟ್ಟಿ ಇದೆ. 2018ರ 'ಹೆರೆಡಿಟರಿ'ಯ ಪೈಮನ್ ಅಲ್ಲಿಯವನು, ಅಲ್ಲೂ ಅವನು ರಾಜನೇ. 'ದಿ ಕಾಂಜುರಿಂಗ್' ಸರಣಿಯ ವಲಾಕ್ ಮಾತ್ರ ತೀರ ಬೇರೆ. ಗ್ರಂಥದಲ್ಲಿ ವಲಾಕ್ ಎರಡು ತಲೆಯ ಡ್ರ್ಯಾಗನ್ ಮೇಲೆ ಕೂತ, ರೆಕ್ಕೆಯಿರುವ ಪುಟ್ಟ ಹುಡುಗ. ಸನ್ಯಾಸಿನಿಯ ವೇಷ ಸಿನಿಮಾದವರು ತೊಡಿಸಿದ್ದು.

8. 'ನಿಜ ಘಟನೆ' ಎಂದು ಬಂದ ಕಡೆ ನಿಲ್ಲಿ

2005ರ 'ದಿ ಎಕ್ಸಾರ್ಸಿಸಂ ಆಫ್ ಎಮಿಲಿ ರೋಸ್' ನೋಡಿದವರು ಕೇಳುವುದು ಒಂದೇ, ಇದು ನಿಜವಾಗಿ ನಡೆದದ್ದಾ? ಅದರ ಹಿಂದಿರುವುದು ಜರ್ಮನಿಯ ಅನೆಲೀಸ ಮಿಶೆಲ್ ಎಂಬ ಯುವತಿಯ ಬದುಕು. ಹದಿಹರೆಯದಿಂದಲೇ ಅಪಸ್ಮಾರಕ್ಕೆ ಚಿಕಿತ್ಸೆ ನಡೆದಿತ್ತು. 1975ರಿಂದ ಬಿಷಪ್ಪರ ಅನುಮತಿಯೊಂದಿಗೆ ಇಬ್ಬರು ಪಾದ್ರಿಗಳು 67 ಸಲ ವಿಧಿ ನಡೆಸಿದರು. 1976ರ ಜುಲೈ 1ರಂದು, 23ರ ವಯಸ್ಸಿನಲ್ಲಿ, ಅನ್ನ ನೀರಿಲ್ಲದೆ ಸೊರಗಿ ಅವಳು ಸತ್ತಳು. 1978ರಲ್ಲಿ ತಂದೆ ತಾಯಿ ಮತ್ತು ಇಬ್ಬರೂ ಪಾದ್ರಿಗಳಿಗೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದ ಅಪರಾಧದಲ್ಲಿ ಶಿಕ್ಷೆಯಾಯಿತು. ಸಿನಿಮಾ ಕಥೆಯನ್ನು ಅಮೆರಿಕಕ್ಕೆ ಒಯ್ದು, ಒಬ್ಬ ಪಾದ್ರಿಯನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸಿ, ಕಾಯಿಲೆ, ದೆವ್ವ ಎರಡೂ ಸಾಧ್ಯ ಎಂಬಂತೆ ವಾದ ಕಟ್ಟುತ್ತದೆ. ಇದೇ ಬದುಕಿನ ಮೇಲೆ 2006ರಲ್ಲಿ ಬಂದ ಜರ್ಮನ್ ಸಿನಿಮಾ 'ರೆಕ್ವಿಯೆಮ್' ಅನ್ನು ಅದರ ಬೆನ್ನಿಗೇ ನೋಡಿ. ಅದರಲ್ಲಿ ವಿಶೇಷ ಪರಿಣಾಮಗಳಿಲ್ಲ, ಒಬ್ಬ ಕಾಲೇಜು ಹುಡುಗಿ ಕಣ್ಣೆದುರೇ ಕುಸಿಯುತ್ತಾಳೆ.

ಈ ಹಂತದಲ್ಲಿ ಕೆಲವು ಓದುಗರ ಪ್ರಶ್ನೆ ಸಿನಿಮಾದಿಂದ ಮನೆಗೆ ತಿರುಗುತ್ತದೆ. ಮನೆಯಲ್ಲಿ ಯಾರೋ ದನಿ ಬದಲಿಸಿ ಮಾತಾಡುತ್ತಾರೆ, ಮೈ ಸೆಟೆಯುತ್ತದೆ, ಇಲ್ಲದ್ದು ಕೇಳಿಸುತ್ತದೆ ಎನ್ನುತ್ತಾರೆ, ಏನು ಮಾಡುವುದು? ಸಿನಿಮಾಗಳಿಂದ ಉತ್ತರ ತೆಗೆದುಕೊಳ್ಳಬೇಡಿ. ನರರೋಗ ತಜ್ಞರಿಗೋ ಮನೋವೈದ್ಯರಿಗೋ ತೋರಿಸಿ, ಕೊಟ್ಟ ಔಷಧಿಯನ್ನು ನಡುವೆ ನಿಲ್ಲಿಸಬೇಡಿ. ಊಟ, ನೀರು, ನಿದ್ದೆ ಬಿಟ್ಟಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.